ದೊಡ್ಡಸ್ವಾಮಿಯವರ ದುಡಿಮೆ ವ್ಯರ್ಥವಾಯಿತೇ? - ಸ್ನಾನಿಕ ಯೊವಾನ್ನರ ಜನನದ ಹಬ್ಬಕ್ಕೊಂದು ಚಿಂತನೆ



ಜೂನ್ 24ರಂದು ನಾವು ಸಂತ ಸ್ನಾನಿಕ ಯೊವಾನ್ನರ ಜನನದ ಹಬ್ಬವನ್ನು ಆಚರಿಸುತ್ತೇವೆ. ಸಂತರ ಹಬ್ಬಗಳು ಸಾಮಾನ್ಯವಾಗಿ ಅವರ ಮರಣದ ದಿನಕ್ಕೆ ಬರುತ್ತವೆ. ಹುಟ್ಟಿದ ದಿನವನ್ನೇ ಧರ್ಮಸಭೆ ಹಬ್ಬವಾಗಿ ಕೊಂಡಾಡುವುದು ಯೇಸುಸ್ವಾಮಿಯದು, ಮಾತೆ ಮರಿಯಮ್ಮನವರದು, ಬಿಟ್ಟರೆ ಯೊವಾನ್ನರದು. ಇಂಥ ಸಂತೋಷದ ದಿನದ ಬಲಿಪೂಜೆಗೆ ಇಟ್ಟಿರುವ ಮೊದಲನೆಯ ವಾಚನ ಮಾತ್ರ ಸ್ವಲ್ಪ ವಿಚಿತ್ರವಾದುದು. ಪ್ರವಾದಿ ಯೆಶಾಯನ ಗ್ರಂಥದ 49ನೇ ಅಧ್ಯಾಯದಲ್ಲಿ ದೇವರ ಸೇವಕನು ತಾನು ಪಟ್ಟ ಪಾಡೆಲ್ಲ ಗಾಳಿಗೆ ಹೋಯಿತು ಎಂದು ಕೊರಗುತ್ತಾನೆ. ತೊಟ್ಟಿಲ ಹಬ್ಬದಲ್ಲಿ ಇದೇಕೆ ಈ ಅಳಲು?

ಯೊವಾನ್ನರ ಬಾಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ಅವರು ಉಪವಾಸವಿದ್ದರು, ಜನ ಅವರಿಗೆ ದೆವ್ವ ಹಿಡಿದಿದೆ ಎಂದರು. ಯೇಸುಸ್ವಾಮಿ ಎಲ್ಲರೊಂದಿಗೆ ಕುಳಿತು ಉಂಡರು. ಅವರನ್ನು ಹೊಟ್ಟೆಬಾಕ ಎಂದರು. ಉಂಡರೂ ಮಾತು, ಉಪವಾಸವಿದ್ದರೂ ಮಾತು! ಕೊನೆಗೆ ಸೆರೆಮನೆಯಲ್ಲಿದ್ದ ಯೊವಾನ್ನರು, ಬರಬೇಕಾದವರು ನೀವೇ ಹೌದೇ ಎಂದು ಯೇಸುವನ್ನು ಕೇಳಿಬರಲು ಶಿಷ್ಯರನ್ನು ಕಳುಹಿಸಬೇಕಾಯಿತು.

ಸೇವೆಗೆ ಇಳಿದ ಯಾರಿಗೂ ಇದು ಹೊಸದಲ್ಲ. ವಿನ್ಸೆಂಟ್ ದೆ ಪೌಲ್ ಸಭೆಯವರು ಮನೆಮನೆ ತಿರುಗಿ ಬಡವರಿಗೆ ಅಕ್ಕಿ ಸೇರಿಸುತ್ತಾರೆ. ಅದು ನಿಜವಾಗಿ ಯಾರ ಮನೆಗೆ ಹೋಯಿತೆಂದು ಗುಡಿಯ ಅಂಗಳದಲ್ಲಿ ಪಿಸುಮಾತು ಹುಟ್ಟುತ್ತದೆ. ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಟೀಚರಮ್ಮನಿಗೆ, ಮೊದಲು ನಿನ್ನ ಮನೆ ನೋಡಿಕೋ ಎಂಬ ಬುದ್ಧಿವಾದ. ನಾವು ಗುರುಗಳೂ ಹೊರತಲ್ಲ. ಪ್ರಬೋಧನೆ ಉದ್ದವಾದರೂ ಗೊಣಗಾಟ, ಚಿಕ್ಕದಾದರೂ ಗೊಣಗಾಟ! 'ಸಾಕಪ್ಪಾ ಸಾಕು' ಎಂದು ಕೈಚೆಲ್ಲುವ ಮನಸ್ಸಾದಾಗ ನಾವು ನಮ್ಮ ಮೈಸೂರು ಸೀಮೆಯಲ್ಲೇ ದುಡಿದ ಒಬ್ಬ ಗುರುವನ್ನು ನೆನೆಯುವುದುಂಟು.

ಅವರು ಅಬ್ಬೆ ದುಬ್ವಾ. ಫ್ರಾನ್ಸಿನವರು. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಕ್ರಾಂತಿಯ ಗಲಭೆಯ ನಡುವೆ ತಾಯ್ನಾಡು ಬಿಟ್ಟು ಭಾರತಕ್ಕೆ ಬಂದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಕಾಲಿಟ್ಟರು. ನಮ್ಮ ಜನರಂತೆಯೇ ಉಡುಪು ತೊಟ್ಟು, ನಮ್ಮ ಜನರ ನಡೆನುಡಿಗಳನ್ನು ರೂಢಿಸಿಕೊಂಡರು. ಜನ ಅವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆದರು. ಹಾಸನದ ಹತ್ತಿರದ ಸಾತಳ್ಳಿಯಲ್ಲಿ ನೆಲೆಯಿಲ್ಲದ ಕುಟುಂಬಗಳನ್ನು ಬೇಸಾಯಕ್ಕೆ ನಿಲ್ಲಿಸಿದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿರುವ ದೇವಾಲಯವನ್ನು ಇಂದಿಗೂ ಅವರ ಹೆಸರಿನಿಂದಲೇ ಗುರುತಿಸುತ್ತಾರೆ.

ಅವರು ಕೈಹಾಕಿದ ಇನ್ನೊಂದು ಕೆಲಸ ಸಿಡುಬಿನ ಲಸಿಕೆ. ಇಂದು ಮಗುವನ್ನು ಎತ್ತಿಕೊಂಡು ಹೋಗಿ ಐದು ನಿಮಿಷದಲ್ಲಿ ಚುಚ್ಚುಮದ್ದು ಹಾಕಿಸಿಕೊಂಡು ಬರುವ ನಮಗೆ ಆ ಕಷ್ಟ ಊಹೆಗೂ ನಿಲುಕದು. ಭಾರತದಲ್ಲಿ ಮೊದಲ ಲಸಿಕೆ ಫಲಿಸಿದ್ದು 1802ರ ಜೂನ್ ತಿಂಗಳಲ್ಲಿ, ಮುಂಬಯಿಯ ಮೂರು ವರ್ಷದ ಒಂದು ಮಗುವಿಗೆ. ಆಗ ಫ್ರಿಜ್ಜೂ ಇಲ್ಲ, ಸೀಸೆಯೂ ಇಲ್ಲ. ಲಸಿಕೆ ಹಾಕಿದ ಮಗುವಿನ ತೋಳಿನಲ್ಲಿ ಸುಮಾರು ಎಂಟನೆಯ ದಿನಕ್ಕೆ ಗುಳ್ಳೆ ಏಳಬೇಕು. ಅದರ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಹೀಗೆ ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ. ನಡುವೆ ಯಾರೂ ತೋಳು ಕೊಡದಿದ್ದರೆ ಸರಪಳಿ ಅಲ್ಲಿಗೇ ಕಡಿಯಿತು. ಯಾವ ಜಾತಿಯ ಮಗುವಿನ ಮೈಯ ರಸವೋ ಎಂಬ ಅಳುಕು ಒಂದು ಕಡೆ. ಸಿಡುಬೆಂದರೆ 'ಅಮ್ಮ', ಅಮ್ಮನನ್ನು ಕೆಣಕಬಾರದು ಎಂಬ ಭಯ ಇನ್ನೊಂದು ಕಡೆ. ಹೆತ್ತವರ ಈ ಅಂಜಿಕೆಯನ್ನು ನಾವು ಹೀಯಾಳಿಸಲಾಗದು. ಕೋವಿಡ್ ಲಸಿಕೆ ಬಂದಾಗ 2021ರಲ್ಲಿ ನಮ್ಮ ನಡುವೆ ಎಷ್ಟು ಗಾಳಿಸುದ್ದಿ ಹಬ್ಬಿತ್ತು! (1805ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಕಲಾವಿದ ಬರೆದ ಮೈಸೂರು ರಾಣಿಯರ ಚಿತ್ರವೊಂದಿದೆ. ಲಸಿಕೆಯ ಬಗ್ಗೆ ಧೈರ್ಯ ತುಂಬಲೆಂದೇ ಅದನ್ನು ಬರೆಸಲಾಯಿತೆಂದು ಇತಿಹಾಸಕಾರರು ಹೇಳುತ್ತಾರೆ.) ಇಂಥ ದಿನಗಳಲ್ಲಿ ದೊಡ್ಡಸ್ವಾಮಿಯವರು ಲಸಿಕೆಯ ಪರವಾಗಿ ಜನರ ನಡುವೆ ದುಡಿದರು.

ಇಷ್ಟಾದರೂ ಅವರ ಮನಸ್ಸಿಗೆ ನೆಮ್ಮದಿ ಇರಲಿಲ್ಲ. 1815ರ ವೇಳೆಗೇ, ಈ ನಾಡಿನಲ್ಲಿ ಕ್ರೈಸ್ತ ಧರ್ಮ ಬೇರೂರುವ ಆಸೆ ಮುಗಿಯಿತು ಎಂಬ ಅರ್ಥದ ಪತ್ರಗಳನ್ನು ಬರೆಯತೊಡಗಿದ್ದರು. ಮನಃಪೂರ್ವಕವಾಗಿ ಮಾನಸಾಂತರ ಹೊಂದಿದ ಒಬ್ಬನೂ ತಮ್ಮ ನೆನಪಿಗೆ ಬಾರನೆಂದು ನಾಚಿಕೆಯಿಂದ ಒಪ್ಪಿಕೊಂಡರು. ಯೆಶಾಯನ ಸೇವಕನ ಕೊರಗೇ ಅಲ್ಲವೇ ಇದು? ಆದರೆ ಗಮನಿಸಿ: ಹಾಗೆ ಬರೆದವರು ಮರುದಿನವೇ ಹಡಗು ಹತ್ತಲಿಲ್ಲ. ಇನ್ನೂ ಏಳೆಂಟು ವರ್ಷ ಅದೇ ಜನರ ನಡುವೆ ಉಳಿದು, 1823ರ ಜನವರಿಯಲ್ಲಷ್ಟೇ ಭಾರತವನ್ನು ಬಿಟ್ಟರು.

ಅದೇ ವರ್ಷ ಆ ಪತ್ರಗಳು ಲಂಡನ್ನಿನಲ್ಲಿ ಪುಸ್ತಕವಾದವು. ಪ್ರೊಟೆಸ್ಟೆಂಟ್ ಮಿಷನರಿಗಳು ಸಿಡಿದೆದ್ದರು; 1824ರಲ್ಲಿ ಜೇಮ್ಸ್ ಹಫ್, ಹೆನ್ರಿ ಟೌನ್ಲಿ ಇಬ್ಬರೂ ಒಂದೊಂದು ಪುಸ್ತಕವನ್ನೇ ಉತ್ತರವಾಗಿ ಬರೆದರು. ದೊಡ್ಡಸ್ವಾಮಿಯವರ ಮೇಲಿನ ಟೀಕೆಗಳೆಲ್ಲ ಸುಳ್ಳೆಂದು ನಾವು ಹೇಳುತ್ತಿಲ್ಲ. ಹಿಂದೂಗಳ ಆಚಾರ ವ್ಯವಹಾರಗಳ ಬಗ್ಗೆ ಅವರು ಬರೆದ ಪ್ರಸಿದ್ಧ ಗ್ರಂಥದ ಬಹುಭಾಗ ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕೆರ್ದೂ ಅವರ ಬರಹದಿಂದ ಬಂದದ್ದೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮೂರ್ 1987ರಲ್ಲಿ ತೋರಿಸಿಕೊಟ್ಟರು. ನಮ್ಮ ನಾಡಿನ ಜನರ ಬಗ್ಗೆ ಅದರಲ್ಲಿರುವ ಕೆಲವು ಮಾತುಗಳು ಇಂದು ಓದಲೂ ಕಷ್ಟ. ನ್ಯಾಯವಾದ ಟೀಕೆಯನ್ನು ಒಪ್ಪಿಕೊಳ್ಳಲೇಬೇಕು. ಹಾಗೆಂದು ಲಸಿಕೆ ಪಡೆದ ಮಗು ಬದುಕಿದ್ದು ಸುಳ್ಳಾಗುವುದೇ?

ಈ ಕಥೆಯಲ್ಲಿ ನಮ್ಮನ್ನು ಹೆಚ್ಚು ಕಾಡುವವರು ದೊಡ್ಡಸ್ವಾಮಿಯವರಲ್ಲ, ಅವರ ಜನ. ನೆರೆಹೊರೆಯವರಿಂದ ಮಾತು ಕೇಳುವುದು ಒಂದು ನೋವು. ತಮ್ಮ ವಿಶ್ವಾಸವೇ ಟೊಳ್ಳೆಂದು ತಮ್ಮ ಗುರುವೇ ಬರೆದುಬಿಟ್ಟರೆ? ಗಂಜಾಂನ, ಸಾತಳ್ಳಿಯ ಆ ಕುಟುಂಬಗಳು ಲಂಡನ್ನಿನ ಪುಸ್ತಕವನ್ನು ಓದಿರಲಾರವು. ಆದರೂ ತಮ್ಮ ಸ್ವಾಮಿಯವರ ಮುಖದಲ್ಲಿನ ನಿರಾಸೆ ಮನೆಮಂದಿಗೆ ಕಾಣದೇ ಹೋಗುತ್ತದೆಯೇ? ಸ್ವಾಮಿಯವರು ಹೊರಟುಹೋದರು. ಅವರು ಹೋಗಲಿಲ್ಲ. ರಾಗಿ ಬಿತ್ತಿದರು, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಿದರು, ಸಂಜೆ ಜಪಸರ ಹಿಡಿದರು. ದೊಡ್ಡಸ್ವಾಮಿಯವರು 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಅದಾಗಿ 38 ವರ್ಷಕ್ಕೆ, 1886ರಲ್ಲಿ ಮೈಸೂರು ಧರ್ಮಪ್ರಾಂತ್ಯವಾಯಿತು. ಆಸೆ ಮುಗಿಯಿತೆಂದು ಅವರು ಬರೆದಿದ್ದ ನೆಲ ಇದೇ.

ಯೆಶಾಯನ ವಾಚನವೂ ಕೊರಗಿನಲ್ಲಿ ನಿಲ್ಲುವುದಿಲ್ಲ. ಸೇವಕನಿಗೆ ದೇವರು ಸಮಾಧಾನದ ಮಾತು ಹೇಳುವ ಬದಲು ಇನ್ನೂ ದೊಡ್ಡ ಕೆಲಸ ಒಪ್ಪಿಸುತ್ತಾರೆ: ಇಸ್ರಯೇಲಿಗಷ್ಟೇ ಅಲ್ಲ, ಜಗತ್ತಿನ ಕೊನೆಯವರೆಗೂ ನೀನು ಬೆಳಕಾಗಬೇಕು ಎನ್ನುತ್ತಾರೆ. ದಣಿದವನಿಗೆ ಇದೆಂಥ ಸಾಂತ್ವನ ಎಂದು ನಮಗೆ ಮೊದಲು ಬೇಸರವೇ ಆಗಿತ್ತು.

ಈ ಹಬ್ಬದ ಆಸುಪಾಸಿನಲ್ಲಿ ಮಕ್ಕಳೊಂದಿಗೆ ಶ್ರೀರಂಗಪಟ್ಟಣದ ಕಡೆ ಹೋದರೆ ಕೋಟೆ, ಸಂಗಮ ನೋಡಿಕೊಂಡು ಹಾಗೆಯೇ ಹಿಂದಿರುಗಬೇಡಿ. ಗಂಜಾಂನ ಆ ಪುಟ್ಟ ದೇವಾಲಯಕ್ಕೂ ಹೋಗಿ ಬನ್ನಿ. ದೊಡ್ಡಸ್ವಾಮಿಯವರಿಗಾಗಿ ಒಂದು ಪ್ರಾರ್ಥನೆ ಸಲ್ಲಿಸಿ; ಅವರು ಹೋದ ಮೇಲೂ ಅಲ್ಲಿ ದೀಪ ಹಚ್ಚುತ್ತಿದ್ದ, ಹೆಸರು ಉಳಿಯದ ಆ ಜನರಿಗಾಗಿ ಇನ್ನೊಂದು.