ನೌಕರನ ಮನಃಕ್ಲೇಶವೂ ಸಂಸ್ಥೆಯ ಲೆಕ್ಕಪತ್ರವೂ

ಮನೆಯ ಚಿಂತೆಯನ್ನು ನೌಕರನು ಕಛೇರಿಯ ಹೊರಗೇ ಬಿಟ್ಟು ಬರಬೇಕೆಂಬುದು ಧಣಿಗಳ ಹಳೆಯ ನಿರೀಕ್ಷೆ. ಆದರೆ ಸಾಲ, ಕುಡಿತ, ಸಂಸಾರದ ಕಲಹ, ಮನೋವ್ಯಾಧಿ ಇವು ಹೊಸ್ತಿಲಲ್ಲಿ ನಿಲ್ಲುವಂಥವಲ್ಲ. ಗೈರುಹಾಜರಿಯಾಗಿ, ಲೆಕ್ಕದ ತಪ್ಪಾಗಿ, ಕಡೆಗೆ ರಾಜೀನಾಮೆಯಾಗಿ ಒಳಗೆ ಬಂದೇ ಬರುತ್ತವೆ. ಇಂಥ ಸಂಕಟದಲ್ಲಿರುವವರಿಗೆ ಸಂಸ್ಥೆಯು ತನ್ನ ವೆಚ್ಚದಲ್ಲಿ ಗೋಪ್ಯವಾದ ಸಲಹೆಯನ್ನೂ ಚಿಕಿತ್ಸೆಯ ದಾರಿಯನ್ನೂ ಒದಗಿಸುವ ಏರ್ಪಾಡನ್ನು ನೌಕರ ನೆರವಿನ ಯೋಜನೆ ಎನ್ನಬಹುದು. ಇದರಿಂದ ಸಂಸ್ಥೆಗೆ ದೊರೆಯುವ ಲಾಭವೇನು?

ಈ ಪ್ರಶ್ನೆ ಹೊಸದಲ್ಲ. ಅಮೆರಿಕದ ಷಿಕಾಗೋ ಸಮೀಪದ ಹಾಥಾರ್ನ್ ಕಾರ್ಖಾನೆಯಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯು 1936ರಲ್ಲಿ ಸಲಹೆಗಾರರನ್ನು ನೇಮಿಸಿತು. ಕೆಲಸಗಾರನ ಮಾತನ್ನು ತಾಳ್ಮೆಯಿಂದ ಕೇಳುವುದು, ಕೇಳಿದ್ದನ್ನು ಮೇಲಧಿಕಾರಿಗೆ ತಿಳಿಸದಿರುವುದು, ಇವು ಅವರ ಮುಖ್ಯ ನಿಯಮಗಳು. ಈ ಕಾರ್ಯವು 1956ರಲ್ಲಿ ನಿಂತುಹೋಯಿತು. ಅದರ ವೆಚ್ಚ ಪುಸ್ತಕದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಪ್ರಯೋಜನವನ್ನು ಅಂಕೆಗಳಲ್ಲಿ ತೋರಿಸುವುದು ಕಠಿಣವಾಗಿತ್ತು.

ಆ ಕಾಠಿಣ್ಯ ಇಂದಿಗೂ ಉಳಿದಿದೆ. ಖಿನ್ನತೆ ಮತ್ತು ಆತಂಕಗಳ ಚಿಕಿತ್ಸೆಗೆ ವಿನಿಯೋಗಿಸಿದ ಒಂದು ಡಾಲರಿಗೆ ಆರೋಗ್ಯ ಹಾಗೂ ದುಡಿಮೆಯ ರೂಪದಲ್ಲಿ ನಾಲ್ಕು ಡಾಲರು ಮರಳುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದ ಗಣನೆಯೊಂದು 2016ರಲ್ಲಿ ಅಂದಾಜಿಸಿತು. ಇದು 36 ದೇಶಗಳ ಒಟ್ಟು ಲೆಕ್ಕ. ಯಾವುದೇ ಒಂದು ಕಂಪನಿಯ ಜಮಾ-ಖರ್ಚಿಗೆ ಇದನ್ನು ಹಾಗೆಯೇ ಇಳಿಸಿಕೊಳ್ಳಲಾಗದು. ಮೇಲಾಗಿ, ಮನುಷ್ಯನು ನೆರವು ಕೇಳುವುದು ಬಹುಮಟ್ಟಿಗೆ ಸಂಕಟವು ತೀರ ಹೆಚ್ಚಿದಾಗ. ಅಲ್ಲಿಂದ ಮುಂದೆ ಕಾಣುವ ಚೇತರಿಕೆಯಲ್ಲಿ ಕಾಲದ ಪಾಲೆಷ್ಟು, ಸಲಹೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಹಾಗೆಂದು ಲೆಕ್ಕಕ್ಕಾಗಿ ಹೆಸರುಗಳನ್ನು ಕೇಳತೊಡಗಿದರೆ ಯೋಜನೆಯೇ ಕೆಡುತ್ತದೆ. ಬಡ್ತಿಗೆ ತೊಡಕಾದೀತೆಂಬ ಶಂಕೆ ಹುಟ್ಟಿದೊಡನೆ ನೊಂದವನು ಬಾಯಿ ಮುಚ್ಚುತ್ತಾನೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ಚಿಕಿತ್ಸೆಯ ವಿಷಯದಲ್ಲಿ ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಮನ್ನಿಸಿದೆ. ಹತ್ತು ಜನರಿರುವ ಬ್ಯಾಂಕಿನ ಶಾಖೆಯೊಂದರಲ್ಲಿ ಹೆಸರನ್ನು ಬಿಟ್ಟು "ಒಬ್ಬರು ಬಂದಿದ್ದರು" ಎಂದರೂ ಆ ಒಬ್ಬರು ಯಾರೆಂಬುದು ಸಂಜೆಯೊಳಗೆ ಬಯಲಾಗುತ್ತದೆ. ಆದುದರಿಂದ ಅಂಕೆಗಳನ್ನು ಇಡೀ ಸಂಸ್ಥೆಗೆ ಒಟ್ಟಾಗಿ, ವರ್ಷಕ್ಕೊಮ್ಮೆ ಮಾತ್ರ ಕೊಡುವುದು ಯುಕ್ತ.

ಗುಟ್ಟು ಉಳಿಯುವುದೆಂಬ ನಂಬಿಕೆಯಿಂದಲೇ ಗಿರಾಕಿಯು ಬ್ಯಾಂಕಿನಲ್ಲಿ ಹಣವಿಡುತ್ತಾನೆ; ಆ ನಂಬಿಕೆಯ ಬೆಲೆಯನ್ನು ಯಾವ ಅಢಾವೆ ಪತ್ರಿಕೆಯೂ ನಮೂದಿಸುವುದಿಲ್ಲ. ಗಿರಾಕಿಗೆ ಸಲ್ಲುವ ಈ ಮರ್ಯಾದೆ ಅದೇ ಮೇಜಿನ ಈಚೆ ಕುಳಿತ ಗುಮಾಸ್ತನಿಗೂ ಸಲ್ಲಬೇಕು.