ಆರೋಪಿಯ ಪರ ಎದ್ದು ನಿಲ್ಲುವವರು

2023ರ ಜುಲೈನಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ನಂದಿಪರ್ವತ ಆಶ್ರಮದ ಜೈನ ಮುನಿ ಆಚಾರ್ಯ ಕಾಮಕುಮಾರ ನಂದಿ ಮಹಾರಾಜರ ಕೊಲೆಯಾಯಿತು. ರಾಯಬಾಗ ತಾಲ್ಲೂಕಿನ ಖಟಕಭಾವಿಯ ಕೊಳವೆಬಾವಿಯೊಂದರಲ್ಲಿ ಅವರ ದೇಹದ ಭಾಗಗಳು ಸಿಕ್ಕವು. ಇಬ್ಬರ ಬಂಧನವಾಯಿತು, ತನಿಖೆ ಸಿಐಡಿ ಕೈಗೆ ಹೋಯಿತು. ನಿಪ್ಪಾಣಿಯಿಂದ ಅಥಣಿಯವರೆಗೆ ಜನ ತತ್ತರಿಸಿದರು. ಊರು ಹೀಗೆ ಕುದಿಯುವಾಗಲೆಲ್ಲ ಕಟ್ಟೆಯ ಮೇಲೆ ಒಂದು ಪ್ರಶ್ನೆ ಏಳುತ್ತದೆ: ‘ಇಂಥಾ ಕೇಸಿನ್ಯಾಗ ಆರೋಪಿ ಪರ ಯಾಂವ ವಕೀಲ ನಿಲ್ತಾನ್ರೀ?’

ಯಾರಾದರೂ ನಿಲ್ಲಲೇಬೇಕು. ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕನ್ನು ಸಂವಿಧಾನದ 22ನೇ ವಿಧಿ ಬಂಧಿತನಿಗೆ ಕೊಟ್ಟಿದೆ. ‘ಈ ಆರೋಪಿಯ ಪರ ಯಾರೂ ವಕಾಲತ್ತು ಹಾಕಬಾರದು’ ಎಂದು ವಕೀಲರ ಸಂಘಗಳು ಠರಾವು ಮಾಡುವುದೇ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ.

ಕೆಲಸ ಶುರುವಾಗುವುದು ಹೊಲದಲ್ಲಿ

ಅಥಣಿ ತಾಲ್ಲೂಕಿನ ಅನಂತಪುರದಂಥ ಗಡಿ ಹಳ್ಳಿಯಲ್ಲಿ ಒಂದು ಕೊಲೆಯಾಯಿತು ಎನ್ನಿ. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಫೌಜದಾರಿ ವಕೀಲರ ಲೆಕ್ಕ ಶುರು. ಇಂಥ ಪ್ರಕರಣದಲ್ಲಿ 90 ದಿನದೊಳಗೆ ದೋಷಾರೋಪ ಪಟ್ಟಿ ಬಾರದಿದ್ದರೆ ಜಾಮೀನು ಕೇಳುವುದು ಆರೋಪಿಯ ಹಕ್ಕು. ಪಟ್ಟಿ ಬಂದ ಮೇಲೆ ಪ್ರಕರಣ ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಲ್ಪಡುತ್ತದೆ. ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಮುದ್ದೆಮಾಲಿನ ಪಟ್ಟಿ, ಕಾಲ್ ವಿವರಗಳ ಕಾಗದದ ರಾಶಿಯನ್ನು ವಕೀಲರು ಸಾಲು ಸಾಲಾಗಿ ಓದಬೇಕು.

ಓದಿದರಷ್ಟೇ ಸಾಲದು, ಸ್ಥಳ ನೋಡಬೇಕು. ರಾತ್ರಿ ದಾರಿದೀಪದ ಬೆಳಕಿನಲ್ಲಿ ಕಂಡೆ ಎನ್ನುವ ಸಾಕ್ಷಿಯಿದ್ದರೆ ಆ ಹೊತ್ತಿಗೆ ಕರೆಂಟ್ ಇತ್ತೇ ಎಂಬ ಹೆಸ್ಕಾಂ ದಾಖಲೆ ತರಿಸಬೇಕು. ಆಳೆತ್ತರ ಬೆಳೆದ ಕಬ್ಬಿನ ಆಚೆಗಿನ ಮುಖ ಈಚೆಯ ಬದುವಿನಿಂದ ಕಾಣುತ್ತದೆಯೇ ಎಂದು ತಾವೇ ನಿಂತು ನೋಡಬೇಕು.

ಪಾಟಿ ಸವಾಲು

ಇಷ್ಟೆಲ್ಲ ತಯಾರಿ ನಡೆಯುವುದು ಪಾಟಿ ಸವಾಲಿಗಾಗಿ. ಸಾಕ್ಷಿ ಪೊಲೀಸರ ಮುಂದೆ ಹೇಳದ ಮುಖ್ಯ ಸಂಗತಿಯನ್ನು ಕಟಕಟೆಯಲ್ಲಿ ಮೊದಲ ಸಲ ಹೇಳಿದಾಗ ವಕೀಲರು ಅದನ್ನು ಹಿಡಿದು ದಾಖಲಿಸಬೇಕು. ಎಲ್ಲಿ ನಿಲ್ಲಿಸಬೇಕೆಂಬುದೂ ಗೊತ್ತಿರಬೇಕು. ಬೇಡದ ಒಂದು ಪ್ರಶ್ನೆ ಸರ್ಕಾರಿ ಅಭಿಯೋಜಕರ ಕೇಸಿನ ತೂತನ್ನು ತಾನೇ ಮುಚ್ಚಿಬಿಡಬಹುದು.

ಈ ಸೀಮೆಯಲ್ಲಿ ಭಾಷೆಯ ಮೇಲೂ ಕಣ್ಣಿಡಬೇಕು. ಸಾಕ್ಷಿ ಮರಾಠಿಯಲ್ಲಿ ನುಡಿದದ್ದು ಕನ್ನಡದ ದಾಖಲೆಗೆ ಇಳಿಯುವಾಗ ‘ಹೊಡೆದ’ ಎಂಬುದು ‘ಹೊಡೆಯಲು ಬಂದ’ ಎಂದಾದರೆ ಶಿಕ್ಷೆಯ ತೂಕವೇ ಬದಲಾಗುತ್ತದೆ. ಎರಡೂ ಭಾಷೆ ಬಲ್ಲ ವಕೀಲರು ಅಲ್ಲೇ ಎದ್ದು ತಿದ್ದುಪಡಿ ಕೇಳುತ್ತಾರೆ.

ಕಣ್ಣಾರೆ ಕಂಡವರೇ ಇಲ್ಲದಿದ್ದರೆ ಸಾಂದರ್ಭಿಕ ಸಾಕ್ಷ್ಯವೇ ಗತಿ. ನೆರೆಯ ಮಹಾರಾಷ್ಟ್ರದ ಶರದ್ ಬಿರ್ದಿಚಂದ್ ಸಾರ್ದಾ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಐದು ಸೂತ್ರ ಕೊಟ್ಟಿತು. ಸಂಗತಿಗಳ ಸರಪಳಿ ಎಲ್ಲೂ ಕಡಿಯಬಾರದು, ಆರೋಪಿಯ ಹೊರತು ಬೇರೆ ಯಾರತ್ತಲೂ ಬೆರಳು ತೋರಬಾರದು. ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡುವುದು ವಕೀಲರ ಕರ್ತವ್ಯ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು ಕೊಲೆಯ ಶಿಕ್ಷೆ 302ರಿಂದ 103ನೇ ಕಲಮಿಗೆ ಸರಿಯಿತು. ಅದಕ್ಕೂ ಮೊದಲಿನ ಕೃತ್ಯಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯ. ಹೀಗಾಗಿ ಇಂದಿನ ವಕೀಲರ ಮೇಜಿನ ಮೇಲೆ ಎರಡೂ ಪುಸ್ತಕಗಳಿವೆ.

ದುಡ್ಡಿಲ್ಲದವರಿಗೆ

ಹೊಲ ಮಾರಿ ಫೀ ಕಟ್ಟಬೇಕೆಂದೇ ಅನೇಕ ಕುಟುಂಬಗಳು ನಂಬಿವೆ. ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ ಉಚಿತ ವಕೀಲರು ಸಿಗಬೇಕು. ಸಹಾಯವಾಣಿ 15100. ಜೀವಾವಧಿ ಅಥವಾ ಮರಣದಂಡನೆ ಆಗಬಹುದಾದ ಪ್ರಕರಣಗಳಲ್ಲಿ ನ್ಯಾಯಾಲಯ ನೇಮಿಸುವ ವಕೀಲರಿಗೆ ಕನಿಷ್ಠ 10 ವರ್ಷದ ಅನುಭವವಿರಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಕೊಡಬೇಕು ಎಂದು ಅನೋಖಿಲಾಲ್ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೇಲ್ಮನವಿಗೆ ಬೆಂಗಳೂರಿನವರೆಗೆ ಅಲೆಯುವ ಕಷ್ಟವೂ 2008ರಲ್ಲಿ ಧಾರವಾಡಕ್ಕೆ ಹೈಕೋರ್ಟ್ ಪೀಠ ಬಂದ ಮೇಲೆ ತಪ್ಪಿದೆ.

ಸತ್ತವರ ಮನೆಯವರಿಗೂ ಈ ವಕೀಲಿಕೆಯಿಂದ ಉಪಕಾರವಿದೆ. ಪ್ರತಿವಾದವನ್ನೇ ಎದುರಿಸದೆ ಬಂದ ಶಿಕ್ಷೆ ಮೇಲಿನ ಕೋರ್ಟಿನಲ್ಲಿ ಬಿದ್ದುಹೋಗಬಹುದು, ಆಗ ಅವರ ದುಃಖ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಗಟ್ಟಿ ಪಾಟಿ ಸವಾಲನ್ನು ದಾಟಿ ಬಂದ ಸಾಕ್ಷ್ಯದ ಮೇಲೆ ನಿಂತ ತೀರ್ಪನ್ನು ಅಲುಗಾಡಿಸುವುದು ಕಷ್ಟ. ಆದ್ದರಿಂದ ‘ಯಾಂವ ವಕೀಲ ನಿಲ್ತಾನ?’ ಎಂಬ ಸಿಟ್ಟಿಗೆ ಬದಲಾಗಿ ‘ಚಲೋ ವಕೀಲ ಸಿಕ್ಕಾನೋ ಇಲ್ಲೋ?’ ಎಂದು ಊರು ವಿಚಾರಿಸಬೇಕು. ಆರೋಪಿಯ ಮನೆಯವರಷ್ಟೇ ಕಾಳಜಿಯಿಂದ ಉಳಿದವರೂ ಇದನ್ನು ಕೇಳಬೇಕು.