ಒಂದು ಪೆಟ್ಟಿಗೆ, ಹಲವು ಕಂಠ

ಕಳೆದ ಚಳಿಗಾಲದಲ್ಲಿ ಉಮರ್ಗಾ ತಾಲೂಕಿನ ಒಂದು ಶಾಲೆಯ ಸ್ನೇಹ ಸಮ್ಮೇಳನಕ್ಕೆ ಹೋಗಿದ್ದೆ. ಹತ್ತನೆಯ ತರಗತಿಯ ಹುಡುಗನೊಬ್ಬ ಎಲೆಕ್ಟ್ರಿಕ್ ಗಿಟಾರು ಹಿಡಿದು ವೇದಿಕೆಗೆ ಬಂದ. ಅದರ ವಾಯರನ್ನು ಮೈಕಿನವರು ತಮ್ಮ ಯಂತ್ರಕ್ಕೆ ನೇರವಾಗಿ ಸಿಕ್ಕಿಸಿದರು. ಹುಡುಗನ ಬೆರಳು ತಪ್ಪಲಿಲ್ಲ, ಶ್ರುತಿಯೂ ಸರಿಯಾಗಿತ್ತು. ಆದರೆ ಹೊರಬಂದ ನಾದ ಮಾತ್ರ ತಗಡಿನ ಡಬ್ಬಿಯೊಳಗೆ ಕಣಜದ ಹುಳು ಹೊಕ್ಕಂತಿತ್ತು. ಮುಂದಿನ ಸಾಲಿನಲ್ಲಿದ್ದ ಪಾಲಕರು ಮುಖ ಮುಖ ನೋಡಿಕೊಂಡರು. ಹುಡುಗ ಅರ್ಧಕ್ಕೇ ನಿಲ್ಲಿಸಿ, ತಲೆ ತಗ್ಗಿಸಿ ಕೆಳಗಿಳಿದ. ಅವನಿಗೆ ಬಾರಿಸಲು ಬರುವುದಿಲ್ಲವೆಂದೇ ಬಹಳ ಜನ ತಿಳಿದರು. ತಪ್ಪು ಅವನದಾಗಿರಲಿಲ್ಲ. ಗಿಟಾರಿಗೂ ಕಿವಿಗೂ ನಡುವೆ ಇರಬೇಕಾದ ಒಂದು ಪೆಟ್ಟಿಗೆ ಅಲ್ಲಿರಲಿಲ್ಲ, ಅಷ್ಟೆ. ಆ ಪೆಟ್ಟಿಗೆಯ ವಿಷಯವಾಗಿ ಬರೆಯಬೇಕೆಂದು ಅಂದೇ ನಿಶ್ಚಯಿಸಿದ್ದೆ.

ಎಲೆಕ್ಟ್ರಿಕ್ ಗಿಟಾರಿನ ಒಡಲು ಗಟ್ಟಿ ಮರ. ತಂಬೂರಿಯ ಕುಂಬಳಕಾಯಿಯಂತೆ ನಾದವನ್ನು ತುಂಬಿಕೊಳ್ಳುವ ಪೊಳ್ಳು ಅದಕ್ಕಿಲ್ಲ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಇದಕ್ಕೆ ಪಿಕಪ್ ಎಂದು ಹೆಸರು. ತಂತಿ ಮಿಡಿದಾಗ ಅದರಲ್ಲಿ ಹುಟ್ಟುವ ವಿದ್ಯುತ್ತು ತೀರ ಅಲ್ಪ. ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುವುದೇ ಆಂಪ್ಲಿಫೈಯರಿನ ಕೆಲಸ. ಹಾಗಾದರೆ ಸಭೆಯ ಧ್ವನಿವರ್ಧಕವೂ ಅದನ್ನೇ ಮಾಡುವುದಲ್ಲವೇ ಎಂದು ಕೇಳಬಹುದು. ಅಲ್ಲ. ಮಾತು ಸ್ಪಷ್ಟವಾಗಿ ಕೇಳಲೆಂದು ಸಭೆಯ ಧ್ವನಿವರ್ಧಕವು ಅತ್ಯಂತ ತೀಕ್ಷ್ಣವಾದ ದನಿಯನ್ನೂ ಹೊರಡಿಸುತ್ತದೆ. ಗಿಟಾರಿನ ಸ್ಪೀಕರಾದರೋ ಸೆಕೆಂಡಿಗೆ ಐದಾರು ಸಾವಿರ ಕಂಪನಗಳ ಆಚೆಗೆ ಬಹುತೇಕ ಮೌನ ತಾಳುತ್ತದೆ. ಆ ಮೌನವೇ ನಾದಕ್ಕೆ ಮೃದುತ್ವ ತರುವುದು. ಅಂದು ಶಾಲೆಯ ಅಂಗಳದಲ್ಲಿ ನಾವು ಕೇಳಿದ್ದು ಆ ಜರಡಿಯಿಲ್ಲದ ಹಿಟ್ಟನ್ನು.

ನಮ್ಮ ಅಜ್ಜಂದಿರ ಮನೆಗಳಲ್ಲಿ ಧಾರವಾಡ ಆಕಾಶವಾಣಿಯನ್ನು ಕೇಳಿಸುತ್ತಿದ್ದ ದೊಡ್ಡ ರೇಡಿಯೋಗಳು ಹಲವರಿಗೆ ನೆನಪಿರಬಹುದು. ಗುಂಡಿ ತಿರುಗಿಸಿದರೆ ಒಳಗಿನ ಗಾಜಿನ ವಾಲ್ವುಗಳು ಕಾದು ಕೆಂಪಾಗುವವರೆಗೆ ಕಾಯಬೇಕಿತ್ತು. ಮೊದಮೊದಲ ಗಿಟಾರ್ ಆಂಪ್ಲಿಫೈಯರುಗಳ ಹೊಟ್ಟೆಯಲ್ಲಿದ್ದುದೂ ಇವೇ ವಾಲ್ವುಗಳು. ಅಮೆರಿಕದ ಲಿಯೋ ಫೆಂಡರ್ ಮೂಲತಃ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನ ರೇಡಿಯೋ ರಿಪೇರಿಗಾರ. ಅವನ ಅಂಗಡಿಯಿಂದಲೇ ಫೆಂಡರ್ ಕಂಪನಿ ಬೆಳೆಯಿತು. ಲಂಡನ್ನಿನ ಜಿಮ್ ಮಾರ್ಷಲ್ ಡ್ರಮ್ ಕಲಿಸುವ ಮೇಷ್ಟ್ರು, ಜೊತೆಗೆ ವಾದ್ಯದ ಅಂಗಡಿಯವನು. 1962ರಲ್ಲಿ ಅವನ ಅಂಗಡಿಯವರು ಫೆಂಡರ್ ಕಂಪನಿಯ ಬೇಸ್‌ಮನ್ ಎಂಬ ಆಂಪ್ಲಿಫೈಯರನ್ನು ಮಾದರಿಯಾಗಿಟ್ಟುಕೊಂಡು ತಮ್ಮದೊಂದನ್ನು ಮಾಡಿದರು. ರಾಕ್ ಸಂಗೀತದ ಗುಡುಗೆಲ್ಲ ಬಹುಮಟ್ಟಿಗೆ ಆ ನಕಲಿನ ಮರಿಮಕ್ಕಳದು. ಅನುಕರಣೆಯೆಂದರೆ ಮೂಗು ಮುರಿಯುವವರು ಇದನ್ನು ನೆನಪಿಡಬೇಕು.

ವಾಲ್ವಿಗೆ ಒಂದು ವಿಚಿತ್ರ ಗುಣವುಂಟು. ಶಕ್ತಿ ಮೀರಿ ದುಡಿಸಿದಾಗ ಅದು ನಾದದ ಅಲೆಯ ತುದಿಯನ್ನು ಮೆಲ್ಲಗೆ ಚಪ್ಪಟೆ ಮಾಡುತ್ತದೆ. ಆಗ ಮೂಲ ಸ್ವರದೊಡನೆ ಹೊಸ ಉಪಸ್ವರಗಳು ಹುಟ್ಟಿ ದನಿ ದಪ್ಪವಾಗುತ್ತದೆ, ಕೊಂಚ ಒಡಕಲಾಗುತ್ತದೆ, ದೀರ್ಘಕಾಲ ನಿಲ್ಲುತ್ತದೆ. ಎಂಜಿನಿಯರರ ಲೆಕ್ಕದಲ್ಲಿ ಇದು ದೋಷ. ಗಿಟಾರಿನವರಿಗೆ ಇದೇ ಪ್ರಾಣ. ತೊಡಕೆಂದರೆ, ಈ ಗುಣ ಪ್ರಕಟವಾಗಬೇಕಾದರೆ ದನಿಯನ್ನು ಓಣಿಯ ಹೆಂಚು ಹಾರುವಷ್ಟು ಏರಿಸಬೇಕು. ಅದಲ್ಲದೆ ಒಳ್ಳೆಯ ವಾಲ್ವ್ ಆಂಪ್ಲಿಫೈಯರಿನ ಭಾರ ಮೂವತ್ತು ಕಿಲೋ ಮುಟ್ಟಬಹುದು, ಬೆಲೆ ಲಕ್ಷ ದಾಟಬಹುದು. ಕಬ್ಬಿನ ಬಿಲ್ಲಿಗಾಗಿ ವರ್ಷವಿಡೀ ಕಾಯುವ ಮನೆಯಲ್ಲಿ ಅಂಥದರ ಮಾತೆತ್ತುವುದೂ ಕಷ್ಟ.

ಇಲ್ಲಿಯೇ ಮಾಡೆಲಿಂಗ್ ಎಂಬ ಉಪಾಯ ಬರುತ್ತದೆ. ಗಿಟಾರಿನಿಂದ ಬಂದ ವಿದ್ಯುತ್ತನ್ನು ಸೆಕೆಂಡಿಗೆ ನಲವತ್ತು ಸಾವಿರಕ್ಕೂ ಹೆಚ್ಚು ಸಲ ಅಳೆದು ಅಂಕೆಗಳನ್ನಾಗಿ ಮಾಡುತ್ತಾರೆ. ಇಂಥ ವಾಲ್ವ್, ಇಂಥ ಸ್ಪೀಕರ್ ಇದ್ದಿದ್ದರೆ ಈ ಅಲೆ ಹೇಗೆ ಬಾಗುತ್ತಿತ್ತು ಎಂಬುದನ್ನು ಒಂದು ಚಿಪ್ಪು ಆ ಕ್ಷಣದಲ್ಲೇ ಲೆಕ್ಕ ಹಾಕಿ ಮತ್ತೆ ನಾದವಾಗಿಸುತ್ತದೆ. ಲೆಕ್ಕಕ್ಕೆ ಹಿಡಿಯುವ ಹೊತ್ತು ಕೆಲವು ಮಿಲಿಸೆಕೆಂಡು ಮಾತ್ರ. ದನಿಯು ಗಾಳಿಯಲ್ಲಿ ಒಂದು ಮೀಟರು ಸಾಗಲು ಸುಮಾರು ಮೂರು ಮಿಲಿಸೆಕೆಂಡು ಬೇಕು. ಎಂದರೆ ಸ್ಪೀಕರಿನಿಂದ ಒಂದೆರಡು ಹೆಜ್ಜೆ ಹಿಂದೆ ನಿಂತಷ್ಟೇ ವ್ಯತ್ಯಾಸ. ನಮ್ಮವರಿಗೆ ಈ ಕಲ್ಪನೆ ಹೊಸದೇನಲ್ಲ. ಬೆಂಗಳೂರಿನ ಎಂಜಿನಿಯರ್ ಹಾಗೂ ಕೊಳಲುವಾದಕ ಜಿ. ರಾಜ್ ನಾರಾಯಣ್ ಅವರು 1970ರ ದಶಕದಲ್ಲಿಯೇ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ರೂಪಿಸಿದರು. ಮಿರಜಿನ ತಂಬೂರಿ ಕೊಳ್ಳಲಾರದ ಎಷ್ಟೋ ಭಜನಾ ಮನೆಗಳು ಇಂದು ಅಂಥ ಪೆಟ್ಟಿಗೆಯ ಶ್ರುತಿಯಲ್ಲಿಯೇ ವಚನ ಹಾಡುತ್ತವೆ.

ಜಪಾನಿನ ರೋಲ್ಯಾಂಡ್ ಕಂಪನಿ 1995ರಲ್ಲಿ ಗಿಟಾರಿಗಾಗಿ ಈ ವಿದ್ಯೆಯ ಯಂತ್ರವನ್ನು ತಂದಿತು. ಮರುವರ್ಷ ಅಮೆರಿಕದ ಲೈನ್ 6 ಕಂಪನಿ ಅದನ್ನು ಆಂಪ್ಲಿಫೈಯರಿನೊಳಗೇ ಇಟ್ಟಿತು. ರೋಲ್ಯಾಂಡ್ ಸ್ಥಾಪಕ ಇಕುತಾರೊ ಕಾಕೆಹಾಶಿ ಕೂಡ ಗಡಿಯಾರ, ರೇಡಿಯೋ ರಿಪೇರಿಯಿಂದ ಮೇಲೆ ಬಂದವರೇ. ಅದೇ ಮನೆತನದ ಬಾಸ್ ಹೆಸರಿನಲ್ಲಿ 2016ರಲ್ಲಿ ಬಂದ ಕಟಾನಾ ಎಂಬ ಪೆಟ್ಟಿಗೆ ಸಾಧಾರಣ ಬೆಲೆಯ ಗಿಟಾರಿಗರ ನಡುವೆ ಬಹಳ ಹರಡಿತು. ಒಳ್ಳೆಯ ವಾಲ್ವ್ ಆಂಪ್ಲಿಫೈಯರಿಗೆ ತೆರಬೇಕಾದ ಹಣಕ್ಕಿಂತ ಬಹಳ ಕಡಿಮೆಗೆ ಅದು ಸಿಗುತ್ತದೆ. ಕಟಾನಾ ಎಂದರೆ ಜಪಾನೀ ಖಡ್ಗ. ಮೊದಲು ಬಂದಾಗ ಅದರಲ್ಲಿ ಐದು ಬಗೆಯ ಮೂಲದನಿಗಳಿದ್ದವು. ಒಂದು ಅಕೂಸ್ಟಿಕ್ ಗಿಟಾರಿಗೆ, ಒಂದು ತಿಳಿಯಾದುದು, ಉಳಿದ ಮೂರು ಹೆಚ್ಚು ಹೆಚ್ಚು ಒಡಕಾಗುತ್ತ ಹೋಗುವಂಥವು. ಭಾವಗೀತೆಗೆ ಒಂದು, ಗಣೇಶೋತ್ಸವದ ಕುಣಿತದ ಹಾಡಿಗೆ ಇನ್ನೊಂದು, ಗುಡಿಯೊಳಗಿನ ಪ್ರತಿಧ್ವನಿ ಬೇಕೆಂದರೆ ಅದಕ್ಕೂ ಒಂದು ಗುಂಡಿ.

ಬಳಸಿದವರು ಎಲ್ಲಕ್ಕಿಂತ ಹೆಚ್ಚು ಮೆಚ್ಚುವುದು ಮಾತ್ರ ಒಂದು ಸಣ್ಣ ಏರ್ಪಾಡನ್ನು. ಐವತ್ತು ವ್ಯಾಟಿನ ಆ ಪೆಟ್ಟಿಗೆಯನ್ನು ಅರ್ಧ ವ್ಯಾಟಿಗೆ ಇಳಿಸಬಹುದು. ನೂರರಲ್ಲೊಂದು ಪಾಲು ಎಂದರೆ ದನಿಯೂ ನೂರು ಪಟ್ಟು ಕುಗ್ಗುವುದಿಲ್ಲ. ಇಪ್ಪತ್ತು ಡೆಸಿಬೆಲ್ ಇಳಿಯುತ್ತದೆ. ಕಿವಿಗೆ ಸುಮಾರು ಕಾಲು ಭಾಗವಾದಂತೆ ತೋರುತ್ತದೆ. ದನಿಯ ದಪ್ಪ ಹಾಗೆಯೇ ಉಳಿದು ಅಬ್ಬರ ಮಾತ್ರ ಅಡಗುತ್ತದೆ. ಗೋಡೆಗೆ ಗೋಡೆ ಹತ್ತಿರುವ ನಮ್ಮ ವಾಡೆಗಳಲ್ಲಿ, ಪಕ್ಕದ ಕೋಣೆಯಲ್ಲಿ ತಂಗಿ ಪರೀಕ್ಷೆಗೆ ಓದುತ್ತಿರುವಾಗ, ಈ ಒಂದು ಗುಂಡಿಗೇ ಅರ್ಧ ಬೆಲೆ ಕೊಡಬಹುದು. ಇನ್ನೂ ಹೆಚ್ಚಿನ ಶಾಂತಿ ಬೇಕೆಂದರೆ ಹೆಡ್‌ಫೋನ್ ಇದ್ದೇ ಇದೆ. ಅದೇ ತೂತಿನಿಂದ ಸಭೆಯ ಧ್ವನಿವರ್ಧಕಕ್ಕೂ ವಾಯರು ಎಳೆಯಬಹುದು. ಗಿಟಾರ್ ಸ್ಪೀಕರಿನ ಜರಡಿಯನ್ನು ಅಲ್ಲಿಯೇ ಲೆಕ್ಕದ ಮೂಲಕ ಸೇರಿಸಿರುತ್ತಾರೆ. ವಾಯರು ಸಿಕ್ಕಿಸಿದೊಡನೆ ಪೆಟ್ಟಿಗೆಯ ಸ್ವಂತ ಸ್ಪೀಕರು ಸುಮ್ಮನಾಗುವುದೆಂಬುದು ಗೊತ್ತಿಲ್ಲದೆ, ಕೆಟ್ಟಿತೆಂದು ಹೆದರಿದವರೂ ಇದ್ದಾರೆ.

ದೂರುಗಳೂ ಕಡಿಮೆಯಿಲ್ಲ. ಸಂಜೆ ಒಂದು ಗಂಟೆ ಅಭ್ಯಾಸಕ್ಕೆಂದು ಕುಳಿತ ಹುಡುಗ ಐವತ್ತು ನಿಮಿಷ ಗುಂಡಿ ತಿರುಗಿಸುವುದರಲ್ಲೇ ಕಳೆಯುತ್ತಾನೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆಯಲ್ಲಿ ಮೆಲುದನಿಯಲ್ಲಿ ಹದ ಮಾಡಿಟ್ಟ ನಾದ ವೇದಿಕೆಯಲ್ಲಿ ಕೊಡದೊಳಗಿನ ಗುಮುಗುಮು ಆಗುತ್ತದೆ ಎಂಬುದು ಇನ್ನೊಂದು. ಕಾರಣ ನಮ್ಮ ಕಿವಿಯಲ್ಲಿಯೇ ಇದೆ. ದನಿ ಸಣ್ಣದಿದ್ದಾಗ ಮಂದ್ರ ಸ್ವರಗಳು ನಮಗೆ ಕಡಿಮೆ ಕೇಳಿಸುತ್ತವೆಂದು ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ತೋರಿಸಿದ್ದರು. ಕೊರತೆ ತುಂಬಲು ಮನೆಯಲ್ಲಿ ಮಂದ್ರವನ್ನು ಏರಿಸುತ್ತೇವೆ. ವೇದಿಕೆಯಲ್ಲಿ ಅದೇ ಹೊರೆಯಾಗುತ್ತದೆ. ಮಂಟಪದಲ್ಲಿ ಮೊದಲು ಆ ಗುಂಡಿಯನ್ನು ಇಳಿಸಬೇಕು. ಬೆರಳಿನ ಒತ್ತಡಕ್ಕೆ ವಾಲ್ವು ಸ್ಪಂದಿಸುವಂತೆ ಇದು ಸ್ಪಂದಿಸದು ಎನ್ನುವ ಹಿರಿಯರ ಮಾತಿನಲ್ಲೂ ಹುರುಳಿದೆ; ಆದರೆ ಕಲಿಯುವ ಮಕ್ಕಳ ಮಟ್ಟಿಗೆ ಆ ಚರ್ಚೆ ಜರತಾರಿ ಸೀರೆಯ ಅಂಚನ್ನು ಕುರಿತಾದುದು.

ನಮ್ಮ ಭಾಗದ ತೊಂದರೆಗಳೇ ಬೇರೆ. ನಿಲಂಗಾದಲ್ಲಿರುವ ನನ್ನ ಅಕ್ಕನ ಮಗನಿಗೆ ಅಮೆರಿಕದಿಂದ ಬಂದ ಬಂಧುವೊಬ್ಬರು ಪ್ರೀತಿಯಿಂದ ಒಂದು ಮಾಡೆಲಿಂಗ್ ಆಂಪ್ಲಿಫೈಯರನ್ನು ತಂದುಕೊಟ್ಟರು. ಪ್ಲಗ್ಗಿನ ಆಕಾರ ಬೇರೆಯಿತ್ತು. ಅಂಗಡಿಯಿಂದ ಒಂದು ಅಡಾಪ್ಟರ್ ತಂದು ನಾನೇ ಹಚ್ಚಿಕೊಟ್ಟೆ. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. "ಮಾಮಾ, ಡಬ್ಬಿದಾಗಿಂದ ಹೊಗಿ ಬರ್ಲಾಕತ್ತದ!" ಎಂದು ಹುಡುಗ ಕೂಗಿದ. ಉದಗೀರದ ರಿಪೇರಿಯವರೊಬ್ಬರ ಬಳಿಗೆ ಒಯ್ದೆವು. ಅವರು ಪೆಟ್ಟಿಗೆಯನ್ನು ತಿರುವಿ ಹಿಡಿದು ಶಾಂತವಾಗಿ ಕೇಳಿದರು: "ಸರ್, ಇದರ ಹಿಂದ ಏನ್ ಬರ್ದಾರ, ಓದೀರೇನು?" 120 ವೋಲ್ಟ್ ಎಂದು ಅಚ್ಚಾಗಿತ್ತು. ನಮ್ಮ ಮನೆಗೆ ಬರುವುದು 230. ಜಪಾನಿನ ಮನೆಬಳಕೆಯ ಪೆಟ್ಟಿಗೆಯಾಗಿದ್ದರೆ 100 ಇರುತ್ತಿತ್ತು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ನಾನು ಆ ಅಂಗಡಿಯ ಕಟ್ಟೆಯ ಮೇಲೆ ಏನೂ ಮಾತಾಡದೆ ಕುಳಿತೆ. ಹಳೆಯ ರೇಡಿಯೋ ಆಗಿದ್ದರೆ ಅವರು ಬೆಸುಗೆ ಹಾಕಿ ಬದುಕಿಸುತ್ತಿದ್ದರು. ಇದರೊಳಗಿನ ಭಾಗಗಳು ಸಾಸಿವೆಕಾಳಿನಷ್ಟು. ಒಂದು ಸುಟ್ಟರೆ ಇಡೀ ಹಲಗೆಯನ್ನೇ ಬದಲಿಸಬೇಕು, ಆ ಹಲಗೆ ನಮ್ಮ ಕಡೆ ಸಿಗುವುದಿಲ್ಲ. ಅಗ್ಗದ ಪೆಟ್ಟಿಗೆಯ ನಿಜವಾದ ಬೆಲೆಯಲ್ಲಿ ಇದನ್ನೂ ಕೂಡಿಸಿ ನೋಡಬೇಕು.

ಇದಕ್ಕಿಂತ ಗಂಭೀರವಾದುದು ಅರ್ಥಿಂಗ್. ಟ್ಯೂಬ್‌ಲೈಟಿನ ಕೆಳಗೆ ಅಥವಾ ಬೋರಿನ ಮೋಟಾರು ಓಡುವಾಗ ಗಿಟಾರು ಗುಂಯ್‌ಗುಟ್ಟುವುದು ಸಾಮಾನ್ಯ. ಗುಂಯ್ ಶಬ್ದ ನಿಲ್ಲಲೆಂದು ಕೆಲವರು ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನು ತೆಗೆದುಬಿಡುತ್ತಾರೆ. ಶಬ್ದ ಕಡಿಮೆಯಾಗುವುದುಂಟು, ಜೊತೆಗೆ ಜೀವರಕ್ಷಣೆಯೂ ಹೋಗುತ್ತದೆ. ಗಿಟಾರಿನ ತಂತಿ ಆಂಪ್ಲಿಫೈಯರಿನ ಲೋಹದ ಮೈಗೆ ಜೋಡಿಸಲ್ಪಟ್ಟಿರುತ್ತದೆ. ಅದೊಂದು ಕಡೆ, ಎದುರಿನ ಮೈಕು ಇನ್ನೊಂದು ಕಡೆ. ಎರಡರಲ್ಲೊಂದಕ್ಕೆ ಅರ್ಥಿಂಗ್ ಇಲ್ಲದೆ ಒಳಗೆ ಎಲ್ಲಿಯಾದರೂ ವಿದ್ಯುತ್ತು ಸೋರಿದರೆ, ಎರಡನ್ನೂ ಮುಟ್ಟಿದವನ ಮೈಯೇ ದಾರಿಯಾಗುತ್ತದೆ. 1972ರ ಮೇ 3ರಂದು ವೇಲ್ಸಿನ ಸ್ವಾನ್‌ಸಿ ನಗರದ ವೇದಿಕೆಯಲ್ಲಿ ಲೆಸ್ ಹಾರ್ವೆ ಎಂಬ ಸ್ಕಾಟಿಷ್ ಗಿಟಾರಿಗ ಹೀಗೆಯೇ, ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ ಸತ್ತ. ಅವನಿಗೆ ಮೂವತ್ತೂ ತುಂಬಿರಲಿಲ್ಲ. ಸ್ನೇಹ ಸಮ್ಮೇಳನದ ಮಂಟಪಕ್ಕೆ ಬೀದಿಯ ಕಂಬದಿಂದ ಎರಡೇ ವಾಯರು ಎಳೆದು ಲೈಟು, ಮೈಕು, ಗಿಟಾರು ಎಲ್ಲವನ್ನೂ ನಡೆಸುವ ರೂಢಿ ನಮ್ಮಲ್ಲಿದೆ. ಮಗುವನ್ನು ವೇದಿಕೆಗೆ ಹತ್ತಿಸುವ ಮುನ್ನ ಪಾಲಕರೊಬ್ಬರು ಹಿಂದೆ ಹೋಗಿ ಮೂರು ಪಿನ್ನಿನ ಪ್ಲಗ್ಗು, ಅರ್ಥಿನ ವಾಯರು ಎರಡನ್ನೂ ನೋಡಿ ಬರಲಿ. ಮೈಕಿನವರು ಬೇಸರಪಟ್ಟರೆ ಪಡಲಿ.

ಕರೆಂಟು ಹೋಗಿಬರುವ ಹಳ್ಳಿಗಳವರು ಬ್ಯಾಟರಿಯಿಂದ ನಡೆಯುವ ಚಿಕ್ಕ ಪೆಟ್ಟಿಗೆಗಳನ್ನು ಹೊಗಳುತ್ತಾರೆ. ರೋಲ್ಯಾಂಡಿನ ಮೈಕ್ರೋ ಕ್ಯೂಬ್ ಜಿಎಕ್ಸ್ ಇಂಥದೊಂದು. ಶಕ್ತಿ ಮೂರೇ ವ್ಯಾಟು, ಆರು ಪೆನ್ಸಿಲ್ ಸೆಲ್ಲುಗಳು ಸಾಕು. ಮಾದರಿ ದನಿಗಳ ಜೊತೆಗೆ ಅದರಲ್ಲಿ ಮೈಕಿಗೆಂದೇ ಒಂದು ಸ್ಥಾನವಿರುವುದರಿಂದ ಗಿಟಾರು ಕೆಳಗಿಟ್ಟು ಅದರಲ್ಲಿಯೇ ವಚನ ಹಾಡಲೂ ಬರುತ್ತದೆ. ತರಗತಿಯ ಕೋಣೆಗೆ ಅಷ್ಟು ದನಿ ಧಾರಾಳ. ಸೆಲ್ಲಿನ ಮೇಲೆ ನಡೆಯುವಾಗ ಮೇಲೆ ಹೇಳಿದ ವಿದ್ಯುದಾಘಾತದ ಭಯವೂ ಇಲ್ಲ.

ಕೊಳ್ಳಬೇಕೇ ಎಂದು ಕೇಳಿದವರಿಗೆ ನನ್ನ ಉತ್ತರ ಅಂಗಡಿಯವರಿಗೆ ಹಿಡಿಸದು. ಮೊದಲ ಒಂದು ವರ್ಷ ಬೇಡ. ಸಾದಾ ಮರದ ಗಿಟಾರಿನಲ್ಲಿ ಬೆರಳಿಗೆ ಗಂಟು ಕಟ್ಟಲಿ, ಶ್ರುತಿ ಹಚ್ಚುವುದು ಬರಲಿ. ಅನಂತರವೂ ಹುಡುಗನೋ ಹುಡುಗಿಯೋ ದಿನವೂ ವಾದ್ಯ ಹಿಡಿಯುತ್ತಿದ್ದರೆ ಚಿಕ್ಕ ಪೆಟ್ಟಿಗೆ ಸಾಕು. ದೊಡ್ಡದನ್ನು ಶಾಲೆಯೋ ಸಂಘವೋ ಎಲ್ಲರಿಗೂ ಸೇರಿ ಒಂದು ತಂದರೆ ಹತ್ತು ಮಕ್ಕಳಿಗೆ ಆಗುತ್ತದೆ. ಉಮರ್ಗಾದವರಿಗೆ ಸೊಲ್ಲಾಪುರ, ಹೈದರಾಬಾದುಗಳ ಹೆದ್ದಾರಿ ಬಾಗಿಲಲ್ಲೇ ಇದೆ. ಉದಗೀರದವರಿಗೆ ಭಾಲ್ಕಿ, ಬೀದರಿನ ಕಡೆಗೆ ರೈಲಿದೆ. 1956ರವರೆಗೆ ಉದಗೀರ, ನಿಲಂಗಾಗಳು ಬೀದರ ಜಿಲ್ಲೆಯವೇ ಆಗಿದ್ದವಾದ್ದರಿಂದ ಆ ದಾರಿ ನಮ್ಮ ಕಾಲಿಗೆ ಹಳೆಯದು. ಎಲ್ಲಿಯೇ ಕೊಳ್ಳಿ, ಮನೆಯ ಗಿಟಾರನ್ನು ಜೊತೆಗೊಯ್ದು ಅದರಲ್ಲಿಯೇ ನುಡಿಸಿ ನೋಡಿ. ಬಿಲ್ಲು, ಗ್ಯಾರಂಟಿ ಚೀಟಿ ಕೇಳಿ ಪಡೆಯಿರಿ. ಹಿಂಬದಿಯ ವೋಲ್ಟಿನ ಅಂಕೆ ಓದಿ.

ನನ್ನ ಅಳಿಯ ಈಗ ಬ್ಯಾಟರಿಯ ಚಿಕ್ಕ ಪೆಟ್ಟಿಗೆಯೊಂದರಲ್ಲಿ ನುಡಿಸುತ್ತಾನೆ. ಮೊದಲ ತಿಂಗಳು ಅದರ ಎಲ್ಲ ದನಿಗಳನ್ನೂ ನಮಗೆ ಕೇಳಿಸಿದ. ಗುಡುಗು, ಸಿಡಿಲು, ಬಾವಿಯ ಪ್ರತಿಧ್ವನಿ, ಎಲ್ಲವೂ ಆಯಿತು. ಈಗ ಬಹುತೇಕ ತಿಳಿದನಿಯೊಂದರಲ್ಲೇ ಇರುತ್ತಾನೆ. ಸುಟ್ಟುಹೋದ ಪೆಟ್ಟಿಗೆಯ ಸ್ಪೀಕರು ಮಾತ್ರ ಕೆಟ್ಟಿರಲಿಲ್ಲ. ಉದಗೀರದ ಆ ರಿಪೇರಿಯವರು ಅದನ್ನು ಬಿಚ್ಚಿ ನಮ್ಮ ಓಣಿಯ ಭಜನಾ ಮಂಡಳಿಯ ಹಳೆಯ ಯಂತ್ರಕ್ಕೆ ಜೋಡಿಸಿಕೊಟ್ಟರು. ಸೋಮವಾರ ಸಂಜೆ ಅದರಿಂದ ಹಾರ್ಮೋನಿಯಮ್ ಕೇಳುತ್ತದೆ, ಕೊಂಚ ಮೃದುವಾಗಿ.